ಪಟ್ಟಿಯಲ್ಲಿಲ್ಲದ ಹಾಡು

ಮಾರ್ಚ್ 3, ಮಂಗಳವಾರ

ಹತ್ತು ಪ್ರದರ್ಶನ. ಮೊದಲನೆಯದು ಮಾರ್ಚ್ 14ಕ್ಕೆ, ಕೊನೆಯದು ಏಪ್ರಿಲ್ 12ಕ್ಕೆ. ಇವತ್ತು ಗಂಟಲಿನ ಡಾಕ್ಟರು ಅಣ್ಣನಿಗೆ ಹೇಳಿದ್ದು: ಧ್ವನಿತಂತುವಿನ ಮೇಲೆ ಎರಡು ಗಂಟು, ಏಪ್ರಿಲ್ 14ಕ್ಕೆ ಶಸ್ತ್ರಚಿಕಿತ್ಸೆ. ಆಮೇಲೆ ಮಾತು ಬರುತ್ತದೆ. ಹಾಡು ಬರುತ್ತದೆಯೇ ಎಂದು ಅತ್ತಿಗೆ ಕೇಳಿದ್ದಕ್ಕೆ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅದೇ ಉತ್ತರ.

ಪ್ರವಾಸ ರದ್ದು ಮಾಡಿ ಎಂದರು. ಅಣ್ಣ ಆಗುವುದಿಲ್ಲವೆಂದು ತಲೆಯಾಡಿಸಿದ. ಇದು ಕೊನೆಯದೇ ಆಗುವುದಾದರೆ ಪೂರ್ತಿ ಆಗಲಿ ಎಂಬ ಮುಖ. ಹಾಗಾದರೆ ಷರತ್ತು: ಪ್ರದರ್ಶನವಿಲ್ಲದ ದಿನ ಒಂದು ಮಾತೂ ಆಡಕೂಡದು. ಪ್ರದರ್ಶನದ ದಿನ ಸರಿಯಾಗಿ ಮಧ್ಯದಲ್ಲಿ ಐದು ನಿಮಿಷ ಒಳಗೆ ಕೂತು ಹಬೆ ತೆಗೆದುಕೊಳ್ಳಬೇಕು. ಐದು ಎಂದರೆ ಐದು.

ಮರಳಿ ಬರುವಾಗ, ಕಾರು ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಅತ್ತಿಗೆ ತರಕಾರಿ ಆರಿಸುವ ದನಿಯಲ್ಲಿ ಹೇಳಿದರು: “ಐದು ನಿಮಿಷ ತಾನೇ? ನೀನು ‘ಕಾಯುವ ಕೋಣೆ’ ಹಾಡಿಬಿಡು. ಜನ ಇಪ್ಪತ್ತೆರಡು ವರ್ಷದಿಂದ ಕೇಳ್ತಾನೇ ಇದ್ದಾರೆ. ಅವರಿಗೂ ಖುಷಿ, ಇವರಿಗೂ ಉಸಿರು.”

“ಆಗಲ್ಲ ಅತ್ತಿಗೆ.”

“ಯಾಕೇ ಆಗಲ್ಲ?”

“ಪಟ್ಟಿ ಬರೆಯೋಳು ನಾನು.”

ಕಿಟಕಿಯ ಆಚೆ ತಿರುಗಿದೆ. ನಮ್ಮ ಬ್ಯಾಂಡಿನಲ್ಲಿ ಇರುವುದು ಮೂರೇ ಜನ, ನಿಯಮ ಒಂದೇ: ಆ ದಿನದ ಹಾಡುಗಳ ಪಟ್ಟಿಯನ್ನು ನಾನು ಬರೆಯುತ್ತೇನೆ, ಯಾಕೆ ಎಂದು ಯಾರೂ ಕೇಳುವುದಿಲ್ಲ. ದಪ್ಪ ಪೆನ್ನಿನಲ್ಲಿ ಮೂರು ಪ್ರತಿ. ಅಣ್ಣನ ಕಾಲ ಬಳಿ ಒಂದು, ಪೈಲ್ವಾನನ ಡ್ರಮ್ಮಿನ ಪಕ್ಕ ಒಂದು, ನನ್ನದೊಂದು. ಟೇಪು ಹಾಕಿ ನೆಲಕ್ಕೆ ಅಂಟಿಸಿದ ಮೇಲೆ ಅದರ ಒಂದು ಅಕ್ಷರವೂ ಬದಲಾಗುವುದಿಲ್ಲ. ಅಣ್ಣ ಹಾಡಲಿ, ಗಿಟಾರು ಎತ್ತಿ ಕುಣಿಯಲಿ, ಪೋಸ್ಟರಿನಲ್ಲಿ ನನ್ನನ್ನು ಅರ್ಧ ಮುಚ್ಚಿಕೊಂಡು ನಿಲ್ಲಲಿ. ಪಟ್ಟಿ ನನ್ನದು.

ಮಾರ್ಚ್ 5, ಗುರುವಾರ

ಈ ಹಾಡಿನ ಬಗ್ಗೆ ಒಮ್ಮೆ ಬರೆದು ಕೈತೊಳೆದುಕೊಳ್ಳುತ್ತೇನೆ.

‘ಕಾಯುವ ಕೋಣೆ’, ಮೂರನೆಯ ಆಲ್ಬಮ್ಮಿನ ಒಂಬತ್ತನೆಯ ಹಾಡು, ಐದು ನಿಮಿಷ ಹತ್ತು ಸೆಕೆಂಡು. ಬರೆದವಳು ನಾನು. ಹಾಡಬೇಕಾಗಿದ್ದವನು ಅಣ್ಣ. ನಾನು ಹಾಡಿದ್ದು ಬರೀ ಟ್ರ್ಯಾಕು: ನಿಜವಾದ ಗಾಯಕ ಬಂದು ಕೂರುವತನಕ ಬಸ್ಸಿನ ಸೀಟಿಗೆ ಕರ್ಚೀಫು ಹಾಕಿಟ್ಟ ಹಾಗೆ. ಮರುದಿನ ಅಣ್ಣ ಕೇಳಿ, ಇದೇ ಇರಲಿ ಎಂದ. ಸೋಮಾರಿ. ಹಾಗಾಗಿ ಕರ್ಚೀಫೇ ಊರು ಸುತ್ತಿತು. ಅದರಲ್ಲಿ ನನ್ನ ಇಪ್ಪತ್ತಮೂರನೆಯ ವಯಸ್ಸಿನ ದನಿ ಇದೆ, ಕೂತಿದ್ದ ಕುರ್ಚಿಯ ಕಿರುಗುಟ್ಟುವಿಕೆ ಇದೆ, ಒಂದು ತಪ್ಪೂ ಇದೆ. ಎರಡನೆಯ ಚರಣದ ಕಾಗದ ಸ್ಟ್ಯಾಂಡಿನಿಂದ ಕೆಳಗೆ ಬಿದ್ದಿತ್ತು. ಸುಮ್ಮನಿರಲಾರದೆ ಮೊದಲ ಚರಣವನ್ನೇ ಎರಡನೆಯ ಸಲ ಹಾಡಿದೆ.

ಬಿಳಿಯ ಗೋಡೆ, ನಾಲ್ಕು ಕುರ್ಚಿ, ಗಡಿಯಾರಕ್ಕೆ ಮುಳ್ಳೊಂದೇ;
ಬರುತ್ತಾನೆ, ಹೊರಟಿದ್ದಾನೆ, ದಾರಿಯಲ್ಲಿದ್ದಾನೆ ಎಂದೆ.

ಇಷ್ಟೇ. ಈ ಎರಡು ಸಾಲನ್ನು ಎರಡು ಸಲ ಹಾಡಿದ್ದಕ್ಕೆ ಅಭಿಮಾನಿಗಳು ಪ್ರಬಂಧ ಬರೆದಿದ್ದಾರೆ. ‘ಅವನು’ ಎಂದರೆ ದೇವರಂತೆ. ಇನ್ನೊಬ್ಬರಿಗೆ ಸಾವಂತೆ. ಮತ್ತೊಬ್ಬರು ಮೂವತ್ತು ಪುಟ ಖರ್ಚು ಮಾಡಿ, ಚರಣ ಮರಳಿ ಬರುವುದು ಕಾಲದ ವರ್ತುಲ ಗತಿಯನ್ನು ಸೂಚಿಸುತ್ತದೆ ಎಂದು ಸಾಧಿಸಿದ್ದಾರೆ. ಕಾಗದ ಬಿದ್ದರೆ ಕಾಲ ವರ್ತುಲವಾಗುತ್ತದೆ. ನನ್ನ ತಟ್ಟೆ ಬಿದ್ದಿದ್ದರೆ ಬ್ರಹ್ಮಾಂಡವೇ ಒಡೆಯುತ್ತಿತ್ತೋ ಏನೋ.

ಇಂಥ ಹಾಡನ್ನು ಸ್ಟೇಜಿಗೆ ತರದಿರುವುದಕ್ಕೆ ಕಾರಣ ಕೇಳುತ್ತಾರೆ. ಎರಡು ಸಾವಿರ ಜನ ಬಂದರೆ ಅದನ್ನು ಬಲ್ಲವರು ಇನ್ನೂರು. ಉಳಿದವರು ಮೂತ್ರಕ್ಕೆ ಹೋಗುತ್ತಾರೆ. ಆ ಇನ್ನೂರು ಜನ ಪ್ರೀತಿಸುವುದು ಹಾಡನ್ನಲ್ಲ, ಪಕ್ಕದವನಿಗೆ ಅದು ಗೊತ್ತಿಲ್ಲ ಎಂಬುದನ್ನು.

ಮಾರ್ಚ್ 15, ಭಾನುವಾರ

ನಿನ್ನೆ ಮೊದಲ ಪ್ರದರ್ಶನ. ಪಟ್ಟಿಯಲ್ಲಿ ಮೊದಲು ಎಂಟು ಹಾಡು, ಒಂಬತ್ತನೆಯ ಸಾಲಿನಲ್ಲಿ ‘ಪೈಲ್ವಾನ, 5 ನಿ.’, ಅದರ ಕೆಳಗೆ ಇನ್ನೆಂಟು ಹಾಡು ಬರೆದೆ. ವಿರಾಮ ಕೊಟ್ಟು ದೀಪ ಹಾಕುವ ಹಾಗಿಲ್ಲ. ಜನ ಒಮ್ಮೆ ಆರಿದರೆ ಮತ್ತೆ ಬಿಸಿ ಮಾಡಲು ಮೂರು ಹಾಡು ಬೇಕು, ಆ ಮೂರನ್ನೂ ಹಾಡಬೇಕಾದ್ದು ಅದೇ ಗಂಟಲು.

ಪೈಲ್ವಾನ ಒಳ್ಳೆಯ ಹುಡುಗ, ವಯಸ್ಸು ಮೂವತ್ತೆಂಟು. ಐದು ನಿಮಿಷ ಒಬ್ಬನೇ ಡ್ರಮ್ಸ್ ಬಾರಿಸಿದ. ಮೊದಲ ನಿಮಿಷ ಚಪ್ಪಾಳೆ. ಎರಡನೆಯ ನಿಮಿಷಕ್ಕೆ ಹಿಂದಿನ ಸಾಲುಗಳು ಎದ್ದವು. ನಾಲ್ಕನೆಯ ನಿಮಿಷಕ್ಕೆ ಚಹಾದ ಕೌಂಟರಿನ ಮುಂದಿನ ಸಾಲು ಸಭಾಂಗಣದ ಬಾಗಿಲವರೆಗೆ ಬಂದಿತ್ತು.

ಆಮೇಲೆ ಬೆವರು ಒರೆಸಿಕೊಳ್ಳುತ್ತಾ ಕೇಳಿದ: “ಹೆಂಗಿತ್ತು ಅಕ್ಕ?”

“ಚಹಾದವನಿಗೆ ನಿನ್ನ ಮೇಲೆ ಭಾರಿ ಗೌರವ ಬಂದಿದೆ.”

“ಅಯ್ಯೋ, ನನಗೂ ಕಂಡಿತು. ಒಬ್ಬ ಕೈಯಲ್ಲಿ ಎರಡು ಕಪ್ಪು ಹಿಡ್ಕೊಂಡು ನನ್ನ ಮುಂದೇನೇ ಹಾದು ಹೋದ. ನನಗೊಂದು ಕೊಡಬಹುದಿತ್ತು, ಕೊಡಲಿಲ್ಲ.”

ಮೂರನೆಯ ಸಾಲಿನಲ್ಲಿ ಒಬ್ಬ, ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ರಟ್ಟಿನ ಬೋರ್ಡು ಎತ್ತಿ ಹಿಡಿದಿದ್ದ: ‘ಕಾಯುವ ಕೋಣೆ’. ಒಂದೂವರೆ ಗಂಟೆ ಇಳಿಸಲಿಲ್ಲ. ಅವನ ಹಿಂದೆ ಕೂತವರು ಏನು ನೋಡಿದರೋ.

ಮಾರ್ಚ್ 18, ಬುಧವಾರ

ರೇಡಿಯೋದಲ್ಲಿ ಮಾತು. ಅಣ್ಣ ಮಾತಾಡುವ ಹಾಗಿಲ್ಲ, ನಾನು ಹೋದೆ. ನಿರೂಪಕಿಗೆ ನಮ್ಮ ಎರಡು ಹಾಡು ಗೊತ್ತು, ಉಳಿದದ್ದು ಕಾಗದದಲ್ಲಿತ್ತು.

“ಆ ಒಂದು ಹಾಡು ಯಾಕೆ ಲೈವ್ ಹಾಡಲ್ಲ ನೀವು? ಅಭಿಮಾನಿಗಳು ಸಾಯ್ತಿದ್ದಾರೆ!”

“ಯಾರೂ ಸತ್ತ ಹಾಗೆ ಕಾಣಲಿಲ್ಲ.”

“ಅಲ್ಲ, ಅಂದ್ರೆ, ಏನಾದರೂ ಗುಟ್ಟು ಇದೆಯಾ?”

“ರೆಕಾರ್ಡಿಂಗ್ ದಿನ ಕಾಗದ ಬಿತ್ತು, ತಪ್ಪಾಗಿ ಹಾಡಿದೆ. ತಪ್ಪನ್ನ ಊರೂರಿಗೆ ಹೊತ್ತುಕೊಂಡು ಹೋಗೋಕೆ ಇಷ್ಟ ಇಲ್ಲ.”

ಅವಳು ಗಟ್ಟಿಯಾಗಿ ನಕ್ಕು ಬೇರೆ ಹಾಡು ಹಾಕಿದಳು. ಹೊರಗೆ ಬಂದಾಗ ಕೈ ತಣ್ಣಗಿತ್ತು. ಸ್ಟುಡಿಯೋಗಳಲ್ಲಿ ಏಸಿ ಯಾವಾಗಲೂ ಜಾಸ್ತಿ.

ಮಾರ್ಚ್ 22, ಭಾನುವಾರ

ಅತ್ತಿಗೆಯ ಯೋಜನೆ: ಒಂಬತ್ತನೆಯ ಸಾಲಿನಲ್ಲಿ ಹಳೆಯ ಫೋಟೋಗಳು, ದೊಡ್ಡ ಪರದೆ, ಹಿನ್ನೆಲೆಯಲ್ಲಿ ಮೆಲ್ಲಗೆ ನಾನು ಮತ್ತು ಪೈಲ್ವಾನ. ಫೋಟೋಗಳನ್ನು ಅತ್ತಿಗೆಯೇ ಫೋನಿನಿಂದ ಆರಿಸಿದ್ದು. ನಿನ್ನೆ ತೋರಿಸಿದೆವು.

ಬ್ಯಾಂಡಿನ ಮೊದಲ ವರ್ಷ. ಎರಡನೆಯ ವರ್ಷ. ಅಣ್ಣನ ಉದ್ದ ಕೂದಲು. ಆಮೇಲೆ ಅಡುಗೆಮನೆಯ ಸಿಂಕಿನ ಕೆಳಗಿನ ಪೈಪು, ಹತ್ತಿರದಿಂದ, ನೀರು ತೊಟ್ಟಿಕ್ಕುತ್ತಿರುವುದು. ಪ್ಲಂಬರಿಗೆ ಕಳಿಸಲು ತೆಗೆದದ್ದು. ಯಂತ್ರ ಅಲ್ಲೇ ಸಿಕ್ಕಿಕೊಂಡಿತು. ನಲವತ್ತು ಸೆಕೆಂಡು ಎರಡು ಸಾವಿರ ಜನ ನಮ್ಮ ಸೋರುವ ಪೈಪನ್ನು ಮೌನವಾಗಿ ನೋಡಿದರು. ಆಮೇಲೆ ಚಪ್ಪಾಳೆ ತಟ್ಟಿದರು. ಇವತ್ತು ಪತ್ರಿಕೆಯಲ್ಲಿ ಒಬ್ಬರು ಅದನ್ನು ‘ದಿಟ್ಟ ಬಿಂಬ’ ಎಂದು ಕರೆದಿದ್ದಾರೆ.

ಇವರಿಗಾಗಿ ನಾನು ಬಾಯಿ ತೆರೆಯಬೇಕಂತೆ.

ಮಾರ್ಚ್ 26, ಗುರುವಾರ

ಅಣ್ಣನ ಮೌನದ ದಿನ. ಅತ್ತಿಗೆ ಅವನಿಗೆ ಮಕ್ಕಳ ಸ್ಲೇಟು ಕೊಡಿಸಿದ್ದಾರೆ. ಹೋಟೆಲಿನ ತಿಂಡಿಯ ಮೇಜಿನಲ್ಲಿ ‘ಉಪ್ಪು’ ಎಂದು ಬರೆದು ತೋರಿಸುತ್ತಾನೆ, ಅಂಗಿಯ ತೋಳಿನಲ್ಲಿ ಒರೆಸುತ್ತಾನೆ. ಎಲ್ಲ ಅಂಗಿಯ ಎಡತೋಳೂ ಬೆಳ್ಳಗಾಗಿದೆ. ಮಾತಾಡುತ್ತಿದ್ದಾಗ ಒಂದು ಉಪ್ಪು ಕೇಳಲು ಮೂರು ಜೋಕು ಹೇಳುತ್ತಿದ್ದವನು. ಮೌನದಲ್ಲಿ ಇವನು ಇಷ್ಟು ಚಿಕ್ಕದಾಗಿ ಕಾಣುತ್ತಾನೆಂದು ನನಗೆ ಗೊತ್ತಿರಲಿಲ್ಲ.

ನಾಡಿದ್ದಿನ ಒಂಬತ್ತನೆಯ ಸಾಲಿಗೆ ಏನು ಎಂದು ಬರೆದು ಕೇಳಿದ. ನಿಯಮ ಮುರಿದ. ‘ನನ್ನ ಬೇಸ್ ಗಿಟಾರ್, ಐದು ನಿಮಿಷ’ ಎಂದೆ. ಅವನು ಸ್ಲೇಟಿನ ಮೇಲೆ ಸೀಮೆಸುಣ್ಣ ಇಟ್ಟ, ಏನೂ ಬರೆಯದೆ ಎತ್ತಿದ.

ಮಾರ್ಚ್ 29, ಭಾನುವಾರ

ಬೇಸ್ ಗಿಟಾರನ್ನು ಐದು ನಿಮಿಷ ಕೇಳಲು ಯಾರೂ ಬಂದಿರುವುದಿಲ್ಲ, ನನಗೆ ಗೊತ್ತು. ನಿನ್ನೆ ಕಣ್ಣು ಮುಚ್ಚಿ ನುಡಿಸುತ್ತಿದ್ದೆ. ಒಂದೂವರೆ ನಿಮಿಷಕ್ಕೆ ಸಭಾಂಗಣ ಇದ್ದಕ್ಕಿದ್ದ ಹಾಗೆ ಕೂಗಿತು, ಛಾವಣಿ ಕಿತ್ತು ಬರುವ ಹಾಗೆ. ಕಣ್ಣು ತೆರೆದು ನೋಡಿದರೆ ನನ್ನ ಬೆರಳು ‘ಕಾಯುವ ಕೋಣೆ’ಯ ಮೊದಲ ನಾಲ್ಕು ಸ್ವರಗಳ ಮೇಲಿತ್ತು. ಬೆರಳಿಗೆ ಬುದ್ಧಿ ಇಲ್ಲ. ಹಳೆಯ ಮನೆಯ ಕಡೆಗೆ ತಾನೇ ತಿರುಗುವ ಕಾಲಿನ ಹಾಗೆ. ನಿಲ್ಲಿಸಿದೆ. ಗಿಟಾರಿನ ತಂತಿಯ ಮೇಲೆ ಅಂಗೈ ಇಟ್ಟುಬಿಟ್ಟೆ.

ಎರಡು ಸಾವಿರ ಜನ, ಪೂರ್ತಿ ನಿಶ್ಶಬ್ದ. ಬೋರ್ಡಿನವನು ಬೋರ್ಡನ್ನು ತಲೆಯ ಮೇಲೆ ಕೊಡೆಯ ಹಾಗೆ ಹಿಡಿದುಕೊಂಡು ನಿಂತಿದ್ದ.

ನಾನು ನಿಲ್ಲಿಸಿದ್ದರಿಂದ ಅಣ್ಣ ಹಬೆಯ ಪಾತ್ರೆ ಬಿಟ್ಟು ಓಡಿ ಬಂದು ಹತ್ತನೆಯ ಹಾಡು ಹಿಡಿದ. ಹದಿನಾಲ್ಕನೆಯದರಲ್ಲಿ ಅವನ ದನಿ ಒಡೆಯಿತು. ಒಡೆಯಿತು ಎಂದರೆ ಒರಟಾಯಿತು ಎಂದಲ್ಲ. ಬಾಯಿ ತೆರೆದಿತ್ತು, ಏನೂ ಬರಲಿಲ್ಲ. ಜನ ಅದನ್ನು ಭಾವುಕತೆ ಎಂದು ತಿಳಿದು ತಾವೇ ಹಾಡಿದರು.

ಮಾರ್ಚ್ 30, ಸೋಮವಾರ

ಡಾಕ್ಟರು ಫೋನಿನಲ್ಲಿ ಅತ್ತಿಗೆಗೆ: ಇನ್ನೊಂದು ಸಲ ಹೀಗಾದರೆ ಶಸ್ತ್ರಚಿಕಿತ್ಸೆ ಮಾಡಿ ಪ್ರಯೋಜನವಿಲ್ಲ.

ಅತ್ತಿಗೆ ನನಗೆ ಏನೂ ಹೇಳಲಿಲ್ಲ. ಫೋನನ್ನು ಸ್ಪೀಕರಿನಲ್ಲಿ ಇಟ್ಟಿದ್ದರು.

ಏಪ್ರಿಲ್ 4, ಶನಿವಾರ

ನಿನ್ನೆ ನನಗೆ ಮೋಸವಾಯಿತು.

ಒಂಬತ್ತನೆಯ ಸಾಲಿನಲ್ಲಿ ‘ವಿರಾಮ’ ಎಂದು ಬರೆದಿದ್ದೆ, ಜನ ಆರಿದರೆ ಆರಲಿ ಎಂದು. ಸ್ಟೇಜಿನ ದೀಪ ಆರಿತು. ಅಣ್ಣ ಒಳಗೆ ಹೋದ. ನಾನು ನೀರು ಕುಡಿಯಲು ದೊಡ್ಡ ಸ್ಪೀಕರಿನ ಹಿಂದೆ ಕೂತೆ. ಸ್ಪೀಕರಿನಿಂದ ಕುರ್ಚಿ ಕಿರುಗುಟ್ಟಿತು.

ಆ ಕುರ್ಚಿ ನನಗೆ ಗೊತ್ತು.

ಅತ್ತಿಗೆ ಸೌಂಡಿನವರಿಗೆ ಹೇಳಿ ರೆಕಾರ್ಡನ್ನೇ ಹಾಕಿಸಿದ್ದರು. ಬರಿದಾದ ಸ್ಟೇಜು, ಕತ್ತಲೆ, ನನ್ನ ಇಪ್ಪತ್ತಮೂರರ ದನಿ. ಎದ್ದು ಹೋಗಿ ತಂತಿ ಕೀಳಬಹುದಿತ್ತು. ಕೀಳಲಿಲ್ಲ. ‘ಬಿಳಿಯ ಗೋಡೆ’ ಬರುವಷ್ಟರಲ್ಲಿ ಸಭಾಂಗಣವೇ ಹಾಡುತ್ತಿತ್ತು. ಇನ್ನೂರು ಜನವಲ್ಲ. ಎಲ್ಲರೂ. ಯಾರೂ ಮೂತ್ರಕ್ಕೆ ಹೋಗಲಿಲ್ಲ. ಎರಡನೆಯ ಚರಣ ಬಂತು. ನಾನು ಉಗುಳು ನುಂಗಿದ ಸದ್ದು, ಅಷ್ಟು ದೊಡ್ಡದಾಗಿ. ಆಮೇಲೆ ಮತ್ತೆ ಅದೇ ಸಾಲು. ಎರಡು ಸಾವಿರ ಜನ ಒಕ್ಕೊರಲಿನಿಂದ, ಬರುತ್ತಾನೆ, ಹೊರಟಿದ್ದಾನೆ, ದಾರಿಯಲ್ಲಿದ್ದಾನೆ. ನನ್ನ ಸುಳ್ಳನ್ನು ನನಗಿಂತ ಚೆನ್ನಾಗಿ ಹೇಳಿದರು.

‘ನನ್ನ ತಪ್ಪನ್ನು’ ಎಂದು ಬರೆಯಲು ಹೊರಟಿದ್ದೆ, ‘ಸುಳ್ಳನ್ನು’ ಎಂದಾಯಿತು. ಇರಲಿ, ಹೊಡೆದು ಹಾಕುವುದಿಲ್ಲ.

ಇವತ್ತು ಬೆಳಿಗ್ಗೆ ಅತ್ತಿಗೆಯ ಬಳಿ ಹೋದೆ.

“ಪಟ್ಟಿ ಮುರಿದಿರಿ.”

“ಎಲ್ಲಿ ಮುರಿದೆ? ವಿರಾಮ ಅಂತ ಬರೆದಿದ್ದೆ ನೀನು. ವಿರಾಮದಲ್ಲಿ ಹಾಡು ಹಾಕಬಾರದು ಅಂತ ಬರೆದಿರಲಿಲ್ಲ.”

“ನನ್ನ ಕೇಳಬಹುದಿತ್ತು.”

“ಕೇಳಿದ್ದೆನಲ್ಲ, ಸಿಗ್ನಲ್ಲಲ್ಲಿ. ನೀನು ಆಗಲ್ಲ ಅಂದು ಕಿಟಕಿ ಆಚೆ ನೋಡಿದೆ.” ಮಡಿಸುತ್ತಿದ್ದ ಅಣ್ಣನ ಅಂಗಿಯನ್ನು ಕೆಳಗಿಟ್ಟರು. “ನೋಡೇ, ನಿನ್ನೆ ಅವರು ಐದು ನಿಮಿಷ ಪೂರ್ತಿ ಕೂತರು. ಕೊನೆ ಹಾಡಿನ ತನಕ ದನಿ ನಿಂತಿತು. ನನಗೆ ಅಷ್ಟು ಸಾಕು. ನೀನು ನನ್ನ ಮೇಲೆ ಸಿಟ್ಟು ಮಾಡ್ಕೋ, ನಾನೇನು ಬೇಡ ಅನ್ನಲ್ಲ.”

ಅತ್ತಿಗೆಯ ಜೊತೆ ಜಗಳವಾಡುವುದು ದಿಂಬಿಗೆ ಗುದ್ದಿದ ಹಾಗೆ.

ವ್ಯಾನಿನ ಬಳಿ ಬೋರ್ಡಿನವನು ನಿಂತಿದ್ದ, ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು. ಹತ್ತಿರದಿಂದ ನೋಡಿದರೆ ಇನ್ನೂ ಅಚ್ಚುಕಟ್ಟು. ಜೇಬಿನಲ್ಲಿ ಪೆನ್ನು ಎರಡು.

“ಎಷ್ಟು ಊರಿಗೆ ಬಂದಿದ್ದೀರಿ?” ಎಂದೆ. ಸಿಟ್ಟು ಇಳಿದಿರಲಿಲ್ಲ, ಯಾರ ಮೇಲಾದರೂ ಹಾಕಬೇಕಿತ್ತು.

“ಇದು ಐದನೇದು ಮೇಡಂ. ಅಂಗಡಿ ತಮ್ಮ ನೋಡ್ಕೊಳ್ತಾನೆ.”

“ನಿನ್ನೆ ಕೇಳಿದಿರಲ್ಲ, ಇನ್ನು ಬೋರ್ಡು ಎಸೆಯಿರಿ.”

“ಅದು ರೆಕಾರ್ಡು. ಮನೇಲೂ ಇದೆ.” ಕೇಳದಿದ್ದರೂ ಹೇಳಿದ: “ನಂದು ಕನ್ನಡಕದ ಅಂಗಡಿ. ಕಣ್ಣು ನಾನೇ ಪರೀಕ್ಷೆ ಮಾಡ್ತೀನಿ. ಬೆಳಗಿಂದ ಸಂಜೆ ತನಕ ಅದೇ ಅಕ್ಷರ ತೋರಿಸಿ ಗಾಜು ಬದಲಾಯಿಸ್ತೀನಿ. ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ? ನಿಮ್ಮ ಹಾಡೂ ಹಂಗೇ. ಮೊದಲನೇ ಸಲ ನಂಬಿಕೊಂಡು ಹೇಳ್ತೀರಿ, ಅವನು ಬರ್ತಾನೆ ಅಂತ. ಎರಡನೇ ಸಲ ಬರಲ್ಲ ಅಂತ ಗೊತ್ತಿದ್ದೇ ಹೇಳ್ತೀರಿ. ಅಕ್ಷರ ಒಂದೇ.”

“ಅದು ತಪ್ಪಾಗಿ ಹಾಡಿದ್ದು.”

“ರೇಡಿಯೋದಲ್ಲಿ ಕೇಳಿದೆ. ಕಾಗದ ಬಿತ್ತು ಅಂದ್ರಿ.” ನಕ್ಕ. ವ್ಯಂಗ್ಯವಿರಲಿಲ್ಲ, ಅದೇ ಇನ್ನೂ ಕೆಟ್ಟದ್ದು. “ಆ ಹಾಡಲ್ಲಿ ಕುರ್ಚಿ ಸದ್ದು ಕೇಳುತ್ತೆ. ನೀವು ಉಗುಳು ನುಂಗೋದು ಕೇಳುತ್ತೆ. ಹೊರಗೆ ಯಾರೋ ಬಾಗಿಲು ಹಾಕಿದ್ದು ಸಹ ಕೇಳುತ್ತೆ. ಕಾಗದ ಬಿದ್ದ ಸದ್ದು ಮಾತ್ರ ನನಗೆ ಎಲ್ಲೂ ಸಿಗಲಿಲ್ಲ ಮೇಡಂ.”

ವ್ಯಾನು ಹತ್ತಿ ಬಾಗಿಲು ಎಳೆದುಕೊಂಡೆ. ಕನ್ನಡಕ ಮಾರುವವನು ಕನ್ನಡಕ ಮಾರಬೇಕು.

ಏಪ್ರಿಲ್ 5, ಭಾನುವಾರ

ಕಾಗದ ಬಿದ್ದಿತ್ತು, ಇಲ್ಲವೇ ಬೀಳುವ ಹಾಗಿತ್ತು. ಇಪ್ಪತ್ತೆರಡು ವರ್ಷದ ಹಿಂದಿನ ಕಾಗದದ ಬಗ್ಗೆ ಯಾರು ಪ್ರಮಾಣ ಮಾಡಿಯಾರು?

ಏಪ್ರಿಲ್ 7, ಮಂಗಳವಾರ

ಕಾಗದ ಬಿದ್ದಿರಲಿಲ್ಲ.

ಅದು ಸ್ಟ್ಯಾಂಡಿನ ಮೇಲೇ ಇತ್ತು, ನನ್ನ ಅಕ್ಷರದಲ್ಲಿ, ನೀಲಿ ಶಾಯಿ. ಗಾಜಿನ ಆಚೆ ಅಣ್ಣ ಹೆಡ್‌ಫೋನು ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದ. ಅವನು ಹಾಡಲಿ ಎಂದೇ ಬರೆದಿದ್ದೆ. ಅವನದೇ ಬಾಯಿಂದ ಹೇಳಿಸಬೇಕೆಂದಿದ್ದೆ. ಟ್ರ್ಯಾಕು ನಾನು ಹಾಡಬೇಕಾಗುತ್ತದೆ ಎಂಬುದನ್ನು ಮರೆತಿದ್ದೆ. ಇಷ್ಟು ಯೋಚಿಸಿ ಹಗೆ ತೀರಿಸಲು ಹೊರಟವಳು ಅಷ್ಟನ್ನು ಯೋಚಿಸಲಿಲ್ಲ.

ಹಾಡಿನ ಹಿಂದಿನ ವರ್ಷ ಅಮ್ಮ ಆಸ್ಪತ್ರೆಯಲ್ಲಿದ್ದಳು. ಕೊನೆಯ ದಿನ ಅಣ್ಣನಿಗೆ ಬೇರೆ ಊರಿನಲ್ಲಿ ಮಧ್ಯಾಹ್ನದ ಪ್ರದರ್ಶನ, ಮೊದಲ ದೊಡ್ಡ ಸಭಾಂಗಣ; ನನ್ನ ಬದಲು ಬೇಸ್ ನುಡಿಸಿದ್ದು ಬೇರೆ ಯಾರೋ. ನಾಲ್ಕು ಗಂಟೆಗೆ ಅಲ್ಲಿನ ಕಚೇರಿಗೆ ಫೋನ್ ಮಾಡಿದೆ. ಅವನನ್ನು ಸ್ಟೇಜಿನಿಂದ ಕರೆಸಿದರು. ಹಿಂದೆ ಜನ ಕೂಗುವುದು ಕೇಳುತ್ತಿತ್ತು. “ಇನ್ನೊಂದೇ ಹಾಡು ಕಣೇ. ಮುಗಿಸಿ ಹೊರಟೆ,” ಎಂದ. ನಾನು ಕೋಣೆಗೆ ಬಂದು ಅಮ್ಮನಿಗೆ, ಹೊರಟಿದ್ದಾನೆ ಎಂದೆ. ಆಮೇಲೆ ದಾರಿಯಲ್ಲಿದ್ದಾನೆ ಎಂದೆ. ಅಮ್ಮ ಬಾಗಿಲು ನೋಡುತ್ತಿದ್ದಳು. ಬಾಗಿಲಲ್ಲಿ ಯಾರು ಹಾದರೂ ತಲೆ ಎತ್ತುತ್ತಿದ್ದಳು, ಅಷ್ಟಕ್ಕೇ ಉಸಿರು ಹತ್ತುತ್ತಿತ್ತು. ನಾನು ಎದ್ದು ಹೋಗಿ ಬಾಗಿಲು ಮುಚ್ಚಿದೆ. ಆರು ಗಂಟೆಗೆ ಹೋದಳು, ಮುಚ್ಚಿದ ಬಾಗಿಲನ್ನು ನೋಡುತ್ತಾ.

ಅವನು ಬಂದದ್ದು ಮರುದಿನ ಬೆಳಿಗ್ಗೆ. ಒಂದಲ್ಲ, ಮೂರು ಹಾಡು ಹಾಡಿದ್ದನಂತೆ. ಜನ ಬಿಡಲಿಲ್ಲವಂತೆ.

ಜನ.

ಏಪ್ರಿಲ್ 10, ಶುಕ್ರವಾರ

ನಿನ್ನೆ ಒಂಬತ್ತನೆಯ ಪ್ರದರ್ಶನ. ವಿರಾಮ, ರೆಕಾರ್ಡು. ನಾನು ಸ್ಪೀಕರಿನ ಹಿಂದೆಯೇ ಕೂತಿದ್ದೆ. ಈ ಸಲ ನೀರಿನ ಬಾಟಲಿ ಒಯ್ದಿರಲಿಲ್ಲ.

ಇವತ್ತು ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಯಂತ್ರದ ಮುಂದೆ ಕಾಯುತ್ತಿದ್ದೆ. ಅಣ್ಣ ಅಂಗಿಗಳ ಗಂಟು ತಂದ, ಎಲ್ಲದರ ಎಡತೋಳೂ ಸುಣ್ಣ. ಪಕ್ಕದ ಯಂತ್ರಕ್ಕೆ ತುಂಬಿ, ಬೆಂಚಿನ ಮೇಲೆ ಕೂತ. ಸ್ಲೇಟು ತೊಡೆಯ ಮೇಲೆ. ಬರೆದ:

‘ಕೊನೆಯದಕ್ಕೆ ರೆಕಾರ್ಡು ಬೇಡ.’

“ಮತ್ತೇನು, ಪೈಪಿನ ಫೋಟೋ ಹಾಕೋಣ್ವಾ?”

ನಕ್ಕ, ಸದ್ದಿಲ್ಲದೆ. ಒರೆಸಿದ. ಬರೆದ: ‘ಎರಡನೇ ಚರಣ ನಾನು ಓದಿದೀನಿ.’

ಯಂತ್ರದ ಗಾಜಿನಲ್ಲಿ ಬಟ್ಟೆ ತಿರುಗುತ್ತಿತ್ತು. ಅದನ್ನೇ ನೋಡಿದೆ.

“ಯಾವಾಗ?”

‘ಅವತ್ತೇ. ಸ್ಟ್ಯಾಂಡು ಮಡಿಸುವಾಗ. ಕಾಗದ ಅಲ್ಲೇ ಇತ್ತು.’

“ಓದಿ?”

ಸೀಮೆಸುಣ್ಣ ಮುರಿಯಿತು. ತುಂಡನ್ನು ಹುಡುಕಿಕೊಂಡು ಬರೆದ: ‘ನನ್ನ ಕೈಲಿ ಹಾಡೋಕೆ ಆಗ್ತಿರಲಿಲ್ಲ. ಅದಕ್ಕೆ ನಿಂದೇ ಇರಲಿ ಅಂದೆ.’

ಇಪ್ಪತ್ತೆರಡು ವರ್ಷ ನಾನು ಇವನನ್ನು ಸೋಮಾರಿ ಎಂದುಕೊಂಡಿದ್ದೆ. ಸೋಮಾರಿಯಲ್ಲ, ಹೇಡಿ. ಬಡ್ತಿ ಎಂದೇ ಹೇಳಬೇಕು.

“ಹೇಳಬಹುದಿತ್ತು,” ಎಂದೆ. “ಒಂದು ದಿನ, ಒಂದು ಮಾತು. ಜಗತ್ತಿಗೆಲ್ಲ ಮೈಕಲ್ಲಿ ಹೇಳ್ತೀಯ. ನನಗೆ ಹೇಳಬಹುದಿತ್ತು.”

ಅವನು ಒರೆಸಿದ. ಒಂದೇ ಪದ ಬರೆದ: ‘ನೀನೂ.’

ಅಷ್ಟರಲ್ಲಿ ಪೈಲ್ವಾನ ಕಾಲುಚೀಲ ಹಿಡಿದುಕೊಂಡು ಬಂದ. “ಏನ್ ಅಕ್ಕ, ಪಾಠ ನಡೀತಿದೆಯಾ? ಅಣ್ಣಂಗೆ ಕಾಗುಣಿತ ಎಲ್ಲಿ ತನಕ ಬಂತು?” ಇಬ್ಬರ ಮುಖವನ್ನೂ ನೋಡಿ, “ಆಮೇಲೆ ಬರ್ತೀನಿ, ಕಾಲುಚೀಲಕ್ಕೇನು ಅವಸರ,” ಎಂದು ಹೋದ.

ನಾನು ಬಾಗಿಲ ಮಾತು ಹೇಳಿದೆ. ಮುಚ್ಚಿದವಳು ನಾನು ಎಂದೆ. ಕಾಗದದಲ್ಲಿ ಅದೂ ಇತ್ತು, ಅವನು ಓದಿದ್ದ, ಆದರೂ ಹೇಳಿದೆ. ಅವನು ಸ್ಲೇಟನ್ನು ಕೆಳಗಿಟ್ಟು, ಡಾಕ್ಟರ ಷರತ್ತು ಮುರಿದು ಪಿಸುದನಿಯಲ್ಲಿ ಏನೋ ಹೇಳಲು ಬಾಯಿ ತೆರೆದ.

“ಬಾಯಿ ಮುಚ್ಚು,” ಎಂದೆ. “ಇನ್ನೊಂದು ಪ್ರದರ್ಶನ ಇದೆ.”

ಮುಚ್ಚಿದ. ಆಮೇಲೆ ಬರೆದದ್ದು: ‘ನಾನು ಒಳಗೆ ಹಬೆ ತಗೊಳ್ತಾ ಇರ್ತೀನಿ. ಅಲ್ಲಿಗೆ ಎಲ್ಲ ಕೇಳುತ್ತೆ.’

ಬಟ್ಟೆ ಒಗೆದಾಯಿತು. ತೋಳಿನ ಸುಣ್ಣ ಪೂರ್ತಿ ಹೋಗಿಲ್ಲ. ಹೋಟೆಲಿನವರ ಸಾಬೂನು ಸರಿಯಿಲ್ಲ.

ಏಪ್ರಿಲ್ 11, ಶನಿವಾರ

ನಾಳೆಯದು ಎಲ್ಲಕ್ಕಿಂತ ದೊಡ್ಡ ಸಭಾಂಗಣ, ಮೂರು ಸಾವಿರದ ಇನ್ನೂರು ಕುರ್ಚಿ. ಮಧ್ಯಾಹ್ನ ಖಾಲಿ ಇದ್ದಾಗ ಹೋಗಿ ಒಮ್ಮೆ ಹಾಡಿ ನೋಡಿದೆ, ಎರಡನೆಯ ಚರಣವನ್ನೂ ಸೇರಿಸಿ. ಕೇಳಿದವರು ಸೌಂಡಿನವರು ಮತ್ತು ಕಸ ಗುಡಿಸುತ್ತಿದ್ದ ಹೆಂಗಸು. ದನಿ ಇಪ್ಪತ್ತಮೂರರದ್ದಲ್ಲ, ಶ್ರುತಿಯನ್ನು ಎರಡು ಮನೆ ಕೆಳಗೆ ಇಳಿಸಿಕೊಳ್ಳಬೇಕಾಯಿತು. ಕಿರುಗುಟ್ಟುವ ಕುರ್ಚಿಯೂ ಇಲ್ಲ. ಆ ಹೆಂಗಸು ಪೊರಕೆ ನಿಲ್ಲಿಸಿ, “ಅಯ್ಯೋ, ಬಾಗಿಲು ಯಾಕಮ್ಮಾ ಮುಚ್ಚಿದೆ?” ಎಂದಳು.

ಮೂವತ್ತು ಪುಟ ಬರೆದವರಿಗೆ ಹೊಳೆಯದ ಪ್ರಶ್ನೆ. ನೀರು ಕುಡಿದೆ.

ಏಪ್ರಿಲ್ 12, ಭಾನುವಾರ, ಬೆಳಿಗ್ಗೆ

ಪಟ್ಟಿ ಬರೆದೆ, ಮೂರು ಪ್ರತಿ. ಒಂಬತ್ತನೆಯ ಸಾಲು: ಕಾಯುವ ಕೋಣೆ.

ಎರಡನೆಯ ಚರಣವನ್ನು ಕಾಗದದಲ್ಲಿ ಬರೆದುಕೊಳ್ಳುವ ಅಗತ್ಯ ನನಗೆ ಯಾವತ್ತೂ ಇರಲಿಲ್ಲ. ಆದರೂ ಬರೆಯುತ್ತೇನೆ, ಇಲ್ಲಿ, ನೀಲಿ ಶಾಯಿಯಲ್ಲಿ:

ಹೊರಟಿರಲಿಲ್ಲ ಅವನು; ಇನ್ನೊಂದೇ ಹಾಡು ಎಂದ;
ಅಮ್ಮ ಬಾಗಿಲು ನೋಡಿದಳು; ನಾನು ಮುಚ್ಚಿ ಬಂದೆ.

ಜನಕ್ಕೆ ಇಷ್ಟವಾಗುವುದಿಲ್ಲ. ಅವರಿಗೆ ಬೇಕಾದದ್ದು ಅವರಿಗೆ ಬಾಯಿಪಾಠವಾದದ್ದು. ಎರಡನೆಯ ಸಲ ‘ಬಿಳಿಯ ಗೋಡೆ’ ಎಂದು ಶುರುಮಾಡಿ, ಮೂರು ಸಾವಿರ ಬಾಯಿಗಳು ಅರ್ಧದಲ್ಲಿ ನಿಲ್ಲುತ್ತವೆ. ಕಾಲದ ವರ್ತುಲದವರು ಪತ್ರ ಬರೆಯುತ್ತಾರೆ. ಕನ್ನಡಕದವನು ಬೋರ್ಡು ಇಳಿಸುತ್ತಾನೋ ಇಲ್ಲವೋ ನೋಡಬೇಕು. ಅವನ ಹಿಂದೆ ಕೂತವರಿಗೆ ಒಮ್ಮೆಯಾದರೂ ಸ್ಟೇಜು ಕಂಡೀತು.

ಸೌಂಡ್ ಚೆಕ್ ನಾಲ್ಕು ಗಂಟೆಗೆ. ಅಲ್ಲಿಯತನಕ ಟೇಪು ನನ್ನ ಚೀಲದಲ್ಲೇ ಇರುತ್ತದೆ, ಪಟ್ಟಿ ನೆಲಕ್ಕೆ ಅಂಟಿರುವುದಿಲ್ಲ, ಬದಲಾಯಿಸಲು ಯಾವ ನಿಯಮವೂ ಅಡ್ಡಬರುವುದಿಲ್ಲ.

ಮೊದಲ ಚರಣವನ್ನು ಒಂದೇ ಸಲ ಹಾಡುತ್ತೇನೆ.